ಭಿನ್ನರಾಶಿಗಳನ್ನು ಕೂಡುವುದು ಏಕೆ ಕಷ್ಟ?

ಈ ಲೇಖನದ ಶಿರೋನಾಮೆಯನ್ನು ಕಂಡೊಡನೆ ನನ್ನ ಸಹಪಾಠಿಗಳಲ್ಲಿ ಅನೇಕರು ನಕ್ಕು ಪುಟ ಮಗುಚುವರೆಂದು ನಾನು ಬಲ್ಲೆ. ಬಿ.ಎ. ಕೊನೆಯ ವರ್ಷದಲ್ಲಿರುವವರಿಗೆ, ಅದೂ ಚರಿತ್ರೆ ಅರ್ಥಶಾಸ್ತ್ರಗಳನ್ನು ಓದುವವರಿಗೆ, ಆರನೆಯ ತರಗತಿಯ ಲೆಕ್ಕವೇಕೆ ಎಂದು ಅವರು ಕೇಳಬಹುದು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪ್ರವಾಸದ ಕಥನವೋ ಕವಿಯೊಬ್ಬರ ಪರಿಚಯವೋ ಇದ್ದರೆ ಸೊಗಸು. ಲೆಕ್ಕ ಯಾರಿಗೆ ಬೇಕು? ಆದರೂ ಬರೆಯಲು ಕುಳಿತಿದ್ದೇನೆ. ಇದಕ್ಕೆ ಎರಡು ಕಾರಣಗಳುಂಟು. ಈ ಲೆಕ್ಕವನ್ನು ತಪ್ಪು ಮಾಡಿ ನಾನು ಒಮ್ಮೆ ನನ್ನ ತಂದೆಯವರ ಮುಂದೆ ತಲೆ ತಗ್ಗಿಸಿದ್ದೆ, ಇದು ಮೊದಲನೆಯದು. ಕಳೆದ ಬೇಸಗೆಯ ರಜೆಯಲ್ಲಿ ನೆರೆಮನೆಯ ಹುಡುಗನೊಬ್ಬ ಕೇಳಿದ ಪ್ರಶ್ನೆಗೆ ಉತ್ತರ ಹೇಳಲಾರದೆ ಎರಡು ದಿನ ತಡಬಡಿಸಿದೆ, ಇದು ಎರಡನೆಯದು.

ಮೊದಲ ಸಂಗತಿಯನ್ನು ಮೊದಲು ಹೇಳುತ್ತೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮ ತಂದೆಯವರಿಗೆ ಅಕ್ಷರ ಬಾರದು. ಆದುದರಿಂದ ನಾನು ಓದಲು ಕಲಿತಂದಿನಿಂದ ಮನೆಗೆ ಬರುವ ಕಾಗದಪತ್ರವೆಲ್ಲ ನನ್ನ ಕೈಗೇ ಬರುತ್ತಿತ್ತು. ನಮ್ಮ ಅಜ್ಜನವರದು ಮೂರು ಎಕರೆ ಖುಷ್ಕಿ ಹೊಲ. ಅವರಿಗೆ ನಾಲ್ವರು ಮಕ್ಕಳು: ನಮ್ಮ ದೊಡ್ಡಪ್ಪ, ತಂದೆ, ಚಿಕ್ಕಪ್ಪ, ಮತ್ತು ಅತ್ತೆ. ಅಜ್ಜ ತೀರಿಕೊಂಡ ಮೇಲೆ ಹೊಲ ನಾಲ್ವರಿಗೂ ಸಮಪಾಲಾಯಿತು. ಕೊಟ್ಟ ಹೆಣ್ಣಿಗೆ ಪಾಲೇಕೆ ಎಂದು ಊರಿನಲ್ಲಿ ಆಡಿಕೊಂಡವರೂ ಇದ್ದರು. ನಮ್ಮ ತಂದೆ ಆ ಮಾತಿಗೆ ಕಿವಿಗೊಡಲಿಲ್ಲ. ಮದುವೆಯಾಗದೆ ಉಳಿದಿದ್ದ ನಮ್ಮ ಚಿಕ್ಕಪ್ಪ, ನಾನು ಏಳನೆಯ ತರಗತಿಯಲ್ಲಿದ್ದಾಗ ಕಾಲವಾದರು. ಅವರ ಕಾಲು ಭಾಗವನ್ನು ಉಳಿದ ಮೂವರೂ ಸಮನಾಗಿ ಹಂಚಿಕೊಳ್ಳುವುದೆಂದು ಹಿರಿಯರು ಕುಳಿತು ಒಪ್ಪಿದರು. ಕಾಲನ್ನು ಮೂರು ಮಾಡಿದರೆ ಒಂದು ಪಾಲು ಇಡೀ ಹೊಲದ ಹನ್ನೆರಡನೆಯ ಒಂದು ಭಾಗವಾಗುತ್ತದೆ. ಖಾತೆ ಬದಲಾವಣೆಗೆ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. "ನಮ್ಮದು ಒಟ್ಟು ಎಷ್ಟಾಯಿತು ಅಂತ ಸರಿಯಾಗಿ ಬರಿ ಕಣವ್ವ" ಎಂದರು ತಂದೆ. ನಾನು ಹೆಮ್ಮೆಯಿಂದ ಬರೆದೆ: ೧/೪ ಮತ್ತು ೧/೧೨ ಕೂಡಿದರೆ ೨/೧೬, ಅಂದರೆ ೧/೮.

ಮಾರನೆಯ ಬೆಳಗ್ಗೆ ಆ ಕಾಗದಕ್ಕೆ ತಂದೆಯವರು ಹೆಬ್ಬೆಟ್ಟು ಒತ್ತಬೇಕಾಗಿತ್ತು. ರಾತ್ರಿ ಊಟವಾದ ಮೇಲೆ ಅವರು ಸುಮ್ಮನೆ, "ಅದು ಎಷ್ಟು ಗುಂಟೆ ಆಯ್ತದೆ?" ಎಂದು ಕೇಳಿದರು. ಮೂರು ಎಕರೆಗೆ ನೂರ ಇಪ್ಪತ್ತು ಗುಂಟೆ. ಅದರ ಎಂಟನೆಯ ಒಂದು ಭಾಗ ಹದಿನೈದು ಗುಂಟೆ ಎಂದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನನಗೆ ಮೊದಲೇ ಮೂವತ್ತು ಗುಂಟೆ ಇತ್ತು. ಅದಕ್ಕೆ ತಮ್ಮಂದೂ ಸೇರ್ತು ಅಂದ್ಮೇಲೆ ಹದಿನೈದು ಹೆಂಗಾಯ್ತದೆ? ಇದು ಕೂಡಿದ್ದೋ, ಕಳೆದದ್ದೋ?" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು. ಅವರೇ ಬೆರಳು ಮಡಿಸಿ ಲೆಕ್ಕ ಹಾಕಿದರು: ತಮ್ಮ ಮೂವತ್ತು ಗುಂಟೆ, ತಮ್ಮನ ಮೂವತ್ತರಲ್ಲಿ ಮೂರನೆಯ ಒಂದು ಪಾಲು ಹತ್ತು ಗುಂಟೆ, ಒಟ್ಟು ನಲವತ್ತು, ಸರಿಯಾಗಿ ಒಂದು ಎಕರೆ. ನಾನು ಅರ್ಜಿಯನ್ನು ಹರಿದು ಬೇರೆ ಬರೆದೆ. ಓದುಬರಹ ಬಲ್ಲ ಮಗಳನ್ನು ನಂಬಿ ಅವರು ಹೆಬ್ಬೆಟ್ಟು ಒತ್ತಿಬಿಟ್ಟಿದ್ದರೆ ಏನಾಗುತ್ತಿತ್ತೆಂಬ ಭಯ ನನ್ನನ್ನು ಬಹಳ ದಿನ ಬಿಡಲಿಲ್ಲ. ಆ ಮೇಲೆ ನಾನು ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆಗಳಲ್ಲಿ ತಪ್ಪದೆ ಬರೆದೆ. ಆದರೆ ನನ್ನ ಮೊದಲ ಲೆಕ್ಕ ತಪ್ಪಾದುದು ಏಕೆ, ಅಕ್ಷರ ಬಾರದ ತಂದೆಯವರ ಲೆಕ್ಕ ಸರಿಯಾದುದು ಹೇಗೆ ಎಂಬುದು ನನಗೆ ತಿಳಿದದ್ದು ಮೊನ್ನೆ ಮೊನ್ನೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಭಿನ್ನರಾಶಿಯಲ್ಲಿ ಎರಡು ಅಂಕಿಗಳಿರುತ್ತವೆ. ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ. ಛೇದವೆಂದರೆ ಕತ್ತರಿಸುವುದು. ಇಡಿಯಾದ ಒಂದು ವಸ್ತುವನ್ನು ಎಷ್ಟು ಸಮಭಾಗಗಳಾಗಿ ಕತ್ತರಿಸಿದೆ ಎಂಬುದನ್ನು ಛೇದ ಹೇಳುತ್ತದೆ. ಹಾಗೆ ಕತ್ತರಿಸಿದ ತುಂಡುಗಳಲ್ಲಿ ಎಷ್ಟನ್ನು ತೆಗೆದುಕೊಂಡಿದ್ದೇವೆ ಎಂಬುದನ್ನು ಅಂಶ ಹೇಳುತ್ತದೆ. ಎರಡೂ ಅಂಕಿಗಳೇ ಆದರೂ ಅವು ಮಾಡುವ ಕೆಲಸ ಒಂದೇ ಅಲ್ಲ. ಅಂಶವು ಎಣಿಕೆ. ಛೇದವು ತುಂಡಿನ ಹೆಸರು. ಈ ಭೇದವನ್ನು ಪುಸ್ತಕಕ್ಕಿಂತ ನಮ್ಮ ಆಡುಮಾತು ಚೆನ್ನಾಗಿ ತೋರಿಸುತ್ತದೆ. ೩/೪ ಎಂಬುದಕ್ಕೆ ನಾವು ಮುಕ್ಕಾಲು ಎನ್ನುತ್ತೇವೆ. ಮುಕ್ಕಾಲು ಎಂದರೆ ಮೂರು ಕಾಲು. ಇಲ್ಲಿ ಮೂರು ಎಂಬುದು ಎಣಿಕೆ; ಕಾಲು ಎಂಬುದು ತುಂಡಿನ ಹೆಸರು; ಮೂರು ಹಸು, ಮೂರು ತೆಂಗಿನಕಾಯಿ ಎಂದ ಹಾಗೆಯೇ. ಒಂದು ಕಾಲಿಗೆ ಎರಡು ಕಾಲು ಸೇರಿದರೆ ಮೂರು ಕಾಲು. ಎಣಿಕೆ ಬೆಳೆಯಿತು, ಹೆಸರು ಹಾಗೆಯೇ ಉಳಿಯಿತು. ೧/೪ + ೨/೪ = ೩/೪ ಎನ್ನುವಾಗ ಛೇದಗಳನ್ನು ಕೂಡದೆ ಬಿಡುವುದರ ಅರ್ಥ ಇಷ್ಟೇ. ಹೆಸರುಗಳನ್ನು ಯಾರೂ ಕೂಡುವುದಿಲ್ಲ. ನಾನು ಅರ್ಜಿಯಲ್ಲಿ ನಾಲ್ಕಕ್ಕೆ ಹನ್ನೆರಡನ್ನು ಸೇರಿಸಿ ಹದಿನಾರು ಮಾಡಿದಾಗ ಕೂಡಿದ್ದು ಹೆಸರುಗಳನ್ನು!

ಛೇದಗಳು ಬೇರೆಬೇರೆಯಾದಾಗ ತೊಡಕು ಬರುತ್ತದೆ. ಕಾಲು ಭಾಗ ದೊಡ್ಡ ತುಂಡು, ಹನ್ನೆರಡನೆಯ ಭಾಗ ಸಣ್ಣ ತುಂಡು. ಎರಡೂ ಸೇರಿ ಎರಡು ತುಂಡುಗಳೇನೋ ಹೌದು. ಆದರೆ ಎಂತಹ ಎರಡು ಎಂದು ಕೇಳಿದರೆ ಹೇಳಲು ಹೆಸರಿಲ್ಲ. ಆದುದರಿಂದ ಎರಡನ್ನೂ ಒಂದೇ ಅಳತೆಯ ತುಂಡುಗಳಾಗಿ ಮಾಡಬೇಕು. ಕಾಲು ಭಾಗದ ಒಂದು ತುಂಡನ್ನು ಮೂರಾಗಿ ಸೀಳಿದರೆ ಹನ್ನೆರಡನೆಯ ಭಾಗದ ಮೂರು ತುಂಡುಗಳಾಗುತ್ತವೆ. ಹೊಲ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಬದುಗಳು ಮಾತ್ರ ಹೆಚ್ಚಿದುವು. ೧/೪ ಎಂಬುದನ್ನು ೩/೧೨ ಎಂದು ಬರೆಯುವುದರ ಮರ್ಮ ಇದೇ. ಅಂಶವನ್ನೂ ಛೇದವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಬೆಲೆ ಬದಲಾಗದು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ತುಂಡುಗಳು ಮೂರು ಪಟ್ಟು ಸಣ್ಣವಾದಾಗ ಅವುಗಳ ಎಣಿಕೆ ಮೂರು ಪಟ್ಟು ಹೆಚ್ಚುತ್ತದೆ ಎಂಬುದು ಅದರ ತಿರುಳು. ಈಗ ೩/೧೨ ಮತ್ತು ೧/೧೨ ಒಂದೇ ಜಾತಿಯ ತುಂಡುಗಳು. ಕೂಡಿದರೆ ೪/೧೨, ನಾಲ್ಕು ನಾಲ್ಕು ತುಂಡುಗಳನ್ನು ಒಟ್ಟುಗೂಡಿಸಿದರೆ ೧/೩. ಮೂವರಿಗೆ ಮೂರು ಎಕರೆ, ಒಬ್ಬರಿಗೆ ಒಂದು ಎಕರೆ. ತಂದೆಯವರ ಲೆಕ್ಕವೂ ಇದೇ ತಾನೆ! ಅವರು ಕಾಲನ್ನೂ ಹನ್ನೆರಡನೆಯದನ್ನೂ ಗುಂಟೆಗೆ ತಿರುಗಿಸಿಕೊಂಡರು. ಗುಂಟೆಯೇ ಅವರ ಸಮಚ್ಛೇದ.

ಮೇಲಿನ ಉದಾಹರಣೆಯಲ್ಲಿ ಹನ್ನೆರಡು ನಾಲ್ಕರ ಮಡಿಯಾಗಿದ್ದರಿಂದ ಒಂದನ್ನು ಮಾತ್ರ ಸೀಳಿದರೆ ಸಾಕಾಯಿತು. ಎಲ್ಲ ಕಡೆಯೂ ಹೀಗಾಗುವುದಿಲ್ಲ. ಅರ್ಧಕ್ಕೆ ಮೂರರಲ್ಲೊಂದನ್ನು ಕೂಡಬೇಕೆನ್ನಿ. ಸಮನಾದ ಆರು ಗೆಣ್ಣುಗಳಿರುವ ಒಂದು ಕಬ್ಬಿನ ಜಲ್ಲೆಯನ್ನು ಊಹಿಸಿಕೊಳ್ಳಿ. ಅದರ ಅರ್ಧ ಮೂರು ಗೆಣ್ಣು. ಮೂರರಲ್ಲೊಂದು ಎರಡು ಗೆಣ್ಣು. ಒಟ್ಟು ಐದು ಗೆಣ್ಣು, ಅಂದರೆ ಜಲ್ಲೆಯ ೫/೬. ಆರೇ ಏಕೆ? ಎರಡರಿಂದಲೂ ಮೂರರಿಂದಲೂ ಶೇಷವಿಲ್ಲದೆ ಭಾಗವಾಗುವ ಸಂಖ್ಯೆ ಬೇಕಾಗಿತ್ತು. ಹಾಗಿರುವವುಗಳಲ್ಲಿ ಅತಿ ಸಣ್ಣದು ಆರು. ಐದು ಗೆಣ್ಣಿನ ಜಲ್ಲೆಯಾಗಿದ್ದರೆ ಅರ್ಧವೂ ಗೆಣ್ಣಿಗೆ ಸರಿಯಾಗಿ ಬಾರದು, ಮೂರರಲ್ಲೊಂದೂ ಬಾರದು.

ಛೇದಗಳನ್ನು ಒಂದಕ್ಕೊಂದು ಗುಣಿಸಿದರೆ ಸಮಚ್ಛೇದ ಯಾವಾಗಲೂ ದೊರೆಯುತ್ತದೆ. ಬ್ರಹ್ಮಗುಪ್ತನು ಕ್ರಿ.ಶ. ೬೨೮ರಲ್ಲಿ ಹೇಳಿದ ಕ್ರಮ ಇದೇ: ಒಂದರ ಛೇದದಿಂದ ಇನ್ನೊಂದರ ಅಂಶವನ್ನೂ ಛೇದವನ್ನೂ ಗುಣಿಸುವುದು. ದಾರಿ ಎಂದೂ ತಪ್ಪುವುದಿಲ್ಲ; ಆದರೆ ಕೆಲವು ವೇಳೆ ಬಳಸುದಾರಿಯಾಗುತ್ತದೆ. ೧/೪ ಮತ್ತು ೧/೬ ಕೂಡುವಾಗ ನಾಲ್ಕಾರಲೆ ಇಪ್ಪತ್ತನಾಲ್ಕು ಎಂದು ಹಿಡಿದರೆ ೬/೨೪ + ೪/೨೪ = ೧೦/೨೪ ಎಂದಾಗುತ್ತದೆ; ಆಮೇಲೆ ಅದನ್ನು ೫/೧೨ಕ್ಕೆ ಇಳಿಸಬೇಕು. ಮೊದಲೇ ಹನ್ನೆರಡನ್ನು ಹಿಡಿದಿದ್ದರೆ ೩/೧೨ + ೨/೧೨ = ೫/೧೨ ಎಂದು ನೇರವಾಗಿ ಮುಗಿಯುತ್ತಿತ್ತು. ಈ ಅತಿ ಸಣ್ಣ ಸಮಚ್ಛೇದವನ್ನು ನಾವು ಶಾಲೆಯಲ್ಲಿ ಲಘುತಮ ಸಾಮಾನ್ಯ ಅಪವರ್ತ್ಯ, ಮಕ್ಕಳ ಬಾಯಲ್ಲಿ ಲ.ಸಾ.ಅ., ಎಂದು ಕಲಿತೆವು.

ಚರಿತ್ರೆಯ ವಿದ್ಯಾರ್ಥಿನಿಯಾದ ನನಗೆ ಇಲ್ಲಿ ಒಂದು ಸಂತೋಷದ ಸಂಗತಿ ದೊರೆಯಿತು. ಭಾರತದ ಗಣಿತಜ್ಞರಲ್ಲಿ ಭಿನ್ನರಾಶಿಗಳ ಸಂಕಲನಕ್ಕೆ ಈ ಲಘುತಮ ಸಂಖ್ಯೆಯನ್ನು ಬಳಸುವ ಕ್ರಮವನ್ನು ಮೊದಲು ವಿಧಿಸಿದವನು ನಮ್ಮ ನಾಡಿಗೆ ಸೇರಿದ ಮಹಾವೀರಾಚಾರ್ಯ. ಆತನು ಕ್ರಿ.ಶ. ೮೫೦ರ ಸುಮಾರಿನಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿ, ಗ್ರಂಥದ ಆದಿಯಲ್ಲಿ ಆ ರಾಜನನ್ನು ಕೊಂಡಾಡಿದ್ದಾನೆ. ಆ ದೊರೆಯ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ. 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ ಎಂಬುದನ್ನು ಕನ್ನಡ ವಿದ್ಯಾರ್ಥಿಗಳಿಗೆ ನೆನಪು ಮಾಡಬೇಕಾಗಿಲ್ಲ. ಕವಿರಾಜಮಾರ್ಗದ ಕಾಲವನ್ನು ಪರೀಕ್ಷೆಗಾಗಿ ಉರುಹೊಡೆದ ನಮ್ಮಲ್ಲಿ ಎಷ್ಟು ಮಂದಿಗೆ ಅದರ ನೆರೆಯಲ್ಲೇ ಹುಟ್ಟಿದ ಈ ಗಣಿತಗ್ರಂಥದ ಪರಿಚಯವಿದೆ? ನನಗಂತೂ ಇರಲಿಲ್ಲ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಇದು ಹೊರಗಿನ ವಿದ್ವಾಂಸರಿಗೆ ತಿಳಿಯಿತು.

ಭಿನ್ನರಾಶಿಗಳ ಪ್ರಕರಣಕ್ಕೆ ಮಹಾವೀರನು ಇಟ್ಟ ಹೆಸರು 'ಕಲಾಸವರ್ಣ'. ಕಲೆ ಎಂದರೆ ಭಾಗ. ಸವರ್ಣವೆಂದರೆ ಒಂದೇ ಬಗೆಯದು. ಭಾಗಗಳನ್ನು ಒಂದೇ ಬಗೆಯವಾಗಿ ಮಾಡಿಕೊಳ್ಳುವುದು ಎಂಬ ಅರ್ಥ ಹೆಸರಿನಲ್ಲೇ ಇದೆ. ಲಘುತಮ ಸಮಚ್ಛೇದಕ್ಕೆ ಆತನ ಹೆಸರು 'ನಿರುದ್ಧ'. ಅದನ್ನು ಪಡೆಯುವ ಬಗೆ ಹೀಗೆ: ಛೇದಗಳಲ್ಲಿ ಸಮಾನವಾಗಿರುವ ಅಪವರ್ತನಗಳನ್ನು ಮೊದಲು ಹೊರಗೆ ತೆಗೆಯಬೇಕು, ಉಳಿದ ಭಾಗಲಬ್ಧಗಳನ್ನು ಅವುಗಳೊಡನೆ ಗುಣಿಸಬೇಕು. ಒಂದು ಉದಾಹರಣೆಯನ್ನು ನಾನೇ ಕೊಡುತ್ತೇನೆ. ೫/೧೨ ಮತ್ತು ೭/೧೮ ಕೂಡಬೇಕಾಗಿದೆ. ಹನ್ನೆರಡರಲ್ಲೂ ಹದಿನೆಂಟರಲ್ಲೂ ಆರು ಇದೆ. ಆರನ್ನು ಹೊರಗೆ ತೆಗೆದರೆ ಒಂದರಲ್ಲಿ ಎರಡು, ಇನ್ನೊಂದರಲ್ಲಿ ಮೂರು ಉಳಿಯುತ್ತವೆ. ಆರು, ಎರಡು, ಮೂರು ಇವುಗಳನ್ನು ಗುಣಿಸಿದರೆ ಮೂವತ್ತಾರು, ಇದೇ ನಿರುದ್ಧ. ಹನ್ನೆರಡು ಮೂವತ್ತಾರರಲ್ಲಿ ಮೂರು ಸಲ ಹೋಗುತ್ತದೆ, ಆದುದರಿಂದ ೫/೧೨ ಎಂಬುದು ೧೫/೩೬. ಹದಿನೆಂಟು ಎರಡು ಸಲ ಹೋಗುತ್ತದೆ, ಆದುದರಿಂದ ೭/೧೮ ಎಂಬುದು ೧೪/೩೬. ಒಟ್ಟು ೨೯/೩೬. ಛೇದಗಳನ್ನು ಹಾಗೆಯೇ ಗುಣಿಸಿದ್ದರೆ ೨೧೬ ಎಂಬ ದೊಡ್ಡ ಸಂಖ್ಯೆಯೊಡನೆ ಹೆಣಗಿ, ೧೭೪/೨೧೬ ಎಂದು ಬರೆದು, ಮತ್ತೆ ಆರರಿಂದ ಭಾಗಿಸಿ ಇದೇ ಉತ್ತರಕ್ಕೆ ಬರಬೇಕಾಗಿತ್ತು. ಎರಡು ಕಡೆಯೂ ಇದ್ದ ಆರನ್ನು ಎರಡು ಸಲ ಎಣಿಸಿದ್ದರ ದಂಡ ಅದು.

ಈಗ ನೆರೆಮನೆಯ ಹುಡುಗನ ಪ್ರಶ್ನೆಗೆ ಬರೋಣ. ಅವನು ಆರನೆಯ ತರಗತಿಯವನು. ರಜೆಯಲ್ಲಿ ಅವನಿಗೆ ಪಾಠ ಹೇಳಿಕೊಡುತ್ತಿದ್ದೆ. ಅವನೂ ನನ್ನ ಹಾಗೆಯೇ ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿದ. ತಪ್ಪು ಎಂದೆ. ಅವನು ಬಿಡಲಿಲ್ಲ. "ಅಲ್ಲಕ್ಕಾ, ನಮ್ಮ ಮೇಷ್ಟ್ರು ಮಾರ್ಕ್ಸ್ ಕೂಡೋದು ಹೀಗೇ ಅಲ್ವಾ?" ಎಂದು ತನ್ನ ಪುಸ್ತಕ ತೆರೆದು ತೋರಿಸಿದ. ಒಂದು ಕಿರುಪರೀಕ್ಷೆಯಲ್ಲಿ ೭/೧೦, ಇನ್ನೊಂದರಲ್ಲಿ ೧೨/೨೦. ಕೆಳಗೆ ಕೆಂಪು ಶಾಯಿಯಲ್ಲಿ ೧೯/೩೦. ಮೇಷ್ಟ್ರು ತಪ್ಪು ಮಾಡಿಲ್ಲ. ಹಾಗಾದರೆ ಹುಡುಗನ ತಪ್ಪೇನು? ನನ್ನ ಬಾಯಿಪಾಠದ ಸೂತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವನನ್ನು ಆ ದಿನ ಏನೋ ಹೇಳಿ ಕಳುಹಿಸಿ, ನಾನು ಯೋಚಿಸುತ್ತ ಕುಳಿತೆ.

ಎರಡು ದಿನ ಕಳೆದ ಮೇಲೆ ಹೊಳೆದದ್ದು ಇದು. ಅಂಕಗಳನ್ನು ಕೂಡುವಾಗ ನಮ್ಮ ಮುಂದೆ ಎರಡು ಬೇರೆ ಬೇರೆ ಇಡಿಗಳಿವೆ: ಹತ್ತು ಅಂಕದ ಒಂದು ಪರೀಕ್ಷೆ, ಇಪ್ಪತ್ತು ಅಂಕದ ಇನ್ನೊಂದು. ಎರಡನ್ನೂ ಸೇರಿಸಿ ಮೂವತ್ತು ಅಂಕದ ಹೊಸ ಇಡಿಯನ್ನು ಮಾಡಿ, ಅದರಲ್ಲಿ ಎಷ್ಟು ಬಂತೆಂದು ಕೇಳುತ್ತೇವೆ. ಅಲ್ಲಿ ಕೆಳಗಿನ ಅಂಕಿಯೂ ಎಣಿಕೆಯೇ. ಆದುದರಿಂದ ಅದನ್ನು ಕೂಡಬಹುದು. ಹೊಲದ ಲೆಕ್ಕದಲ್ಲಿ ಇಡಿ ಒಂದೇ. ಕಾಲೂ ಹನ್ನೆರಡನೆಯದೂ ಅದೇ ಮೂರು ಎಕರೆಯ ಭಾಗಗಳು. ಚಿಕ್ಕಪ್ಪನ ಪಾಲು ನಮಗೆ ಬಂದಾಗ ಇನ್ನೊಂದು ಹೊಲ ಹುಟ್ಟಲಿಲ್ಲ. ಎರಡು ಪ್ರಶ್ನೆಗಳೂ ಬೇರೆ. ಬರೆಯುವ ರೀತಿ ಮಾತ್ರ ಒಂದೇ ಆಗಿರುವುದರಿಂದ ಮಕ್ಕಳು ಮೋಸಹೋಗುತ್ತಾರೆ. ಅಂಕಗಳನ್ನು ಭಿನ್ನರಾಶಿಯ ಕ್ರಮದಲ್ಲಿ ಕೂಡಿದರೆ ಏನಾಗುತ್ತದೆ ನೋಡಿ: ೭/೧೦ ಎಂದರೆ ೧೪/೨೦, ಅದಕ್ಕೆ ೧೨/೨೦ ಸೇರಿದರೆ ೨೬/೨೦. ಇಪ್ಪತ್ತಕ್ಕೆ ಇಪ್ಪತ್ತಾರು ಅಂಕ ತೆಗೆದ ಜಾಣನನ್ನು ನಾನಿನ್ನೂ ಕಂಡಿಲ್ಲ! ಇದನ್ನು ಹೇಳಿದಾಗ ಹುಡುಗ ನಕ್ಕ. ನಕ್ಕನೆಂದರೆ ತಿಳಿಯಿತೆಂದು ಅರ್ಥ.

ಇಲ್ಲಿ ಉಪಯೋಗಕ್ಕೆ ಬರುವ ಒಂದು ಪರೀಕ್ಷೆಯೂ ಅಡಗಿದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದಾಗ ಬರುವ ಉತ್ತರ, ಎರಡು ರಾಶಿಗಳು ಅಸಮವಾಗಿದ್ದರೆ, ಯಾವಾಗಲೂ ಅವುಗಳ ನಡುವೆ ಬೀಳುತ್ತದೆ. ಏಳು ಅಂಕದ ಜಾಣತನವೂ ಹನ್ನೆರಡು ಅಂಕದ ಜಾಣತನವೂ ಬೆರೆತು ನಡುಮಟ್ಟಕ್ಕೆ ಬರುವಂತೆ. ನಿಜವಾದ ಮೊತ್ತವಾದರೋ ಎರಡರಲ್ಲಿ ದೊಡ್ಡದಕ್ಕಿಂತಲೂ ದೊಡ್ಡದಾಗಿರಲೇಬೇಕು. ತಂದೆಯವರು ಅಂದು ರಾತ್ರಿ ನನ್ನನ್ನು ಹಿಡಿದದ್ದು ಈ ಪರೀಕ್ಷೆಯಿಂದಲೇ. ಸೂತ್ರ ಮರೆತರೂ ಇದನ್ನು ಮರೆಯಬಾರದು.

ನಮ್ಮ ಹಿರಿಯರಿಗೆ ಈ ಲೆಕ್ಕಗಳು ಏಕೆ ಸುಲಭವಾಗಿದ್ದುವೆಂದು ಯೋಚಿಸಿದರೆ, ಅವರ ಅಳತೆಗಳಲ್ಲೇ ಸಮಚ್ಛೇದ ಸಿದ್ಧವಾಗಿತ್ತೆಂದು ಕಾಣುತ್ತದೆ. ಅರ್ಧ ಸೇರು, ಕಾಲು ಸೇರಿನ ಪಾವು, ಸೇರಿನ ಹದಿನಾರನೆಯ ಒಂದು ಭಾಗವಾದ ಚಟಾಕು ಇವುಗಳನ್ನು ಕೂಡಬೇಕಾದರೆ ಎಂಟು ಚಟಾಕು, ನಾಲ್ಕು ಚಟಾಕು, ಒಂದು ಚಟಾಕು, ಒಟ್ಟು ಹದಿಮೂರು ಎಂದು ಅಜ್ಜಿಯರು ಹೇಳಿಬಿಡುತ್ತಿದ್ದರು. ೧೩/೧೬ ಎಂದು ಬರೆಯುವ ಅಗತ್ಯ ಅವರಿಗೆ ಬರಲಿಲ್ಲ. ಹಳೆಯ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಒಟ್ಟು ೧೯೨ ಪೈ. ಹದಿನಾರನ್ನು ಎರಡೆರಡಾಗಿ ಸೀಳುತ್ತ ಹೋಗಬಹುದು. ಮೂರಾಗಿ ಸೀಳಲು ಬಾರದು. ಆ ಕೊರತೆಯನ್ನು ಪೈ ತುಂಬುತ್ತಿತ್ತು. ರೂಪಾಯಿಯ ಮೂರರಲ್ಲೊಂದು ಐದು ಆಣೆ ನಾಲ್ಕು ಪೈ. ಅರ್ಧ ರೂಪಾಯಿಗೆ ಅದನ್ನು ಸೇರಿಸಿದರೆ ಹದಿಮೂರು ಆಣೆ ನಾಲ್ಕು ಪೈ, ಚಿಲ್ಲರೆ ಏನೂ ಉಳಿಯದು. ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ಪೈಸೆಯಾಯಿತು. ಹತ್ತರ ಲೆಕ್ಕ ಸುಲಭವಾಯಿತು ನಿಜ. ಆದರೆ ಒಂದು ರೂಪಾಯಿಯನ್ನು ಮೂವರಿಗೆ ಸರಿಯಾಗಿ ಹಂಚುವುದು ಆಗದಂತಾಯಿತು.

ಭೂಮಿಯ ಲೆಕ್ಕದಲ್ಲಿ ಆಣೆ ಇಂದಿಗೂ ಉಳಿದಿದೆ: ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರು ಆಣೆ. ಹಾಗಾಗಿ ಎಕರೆಗೆ ೬೪೦ ಆಣೆ. ಇದರಲ್ಲಿ ಎರಡೂ ಐದೂ ಧಾರಾಳವಾಗಿವೆ, ಮೂರು ಇಲ್ಲ. ಒಂದೇ ಎಕರೆಯನ್ನು ಮೂವರು ಹಂಚಿಕೊಂಡರೆ ಒಬ್ಬರಿಗೆ ಹದಿಮೂರು ಗುಂಟೆ, ಐದು ಆಣೆ, ಮತ್ತೆ ಆಣೆಯ ಮೂರರಲ್ಲೊಂದು! ಆ ಕೊನೆಯ ಚೂರನ್ನು ಕಾಗದದ ಮೇಲೆ ಯಾರ ಹೆಸರಿಗೆ ಬರೆಯುವುದು? ನಮ್ಮದು ಮೂರು ಎಕರೆಯಾಗಿದ್ದುದು ನಮ್ಮ ಪುಣ್ಯ. ಹೀಗೆ ಸಿದ್ಧವಾದ ಅಳತೆ ಸಾಲದೆ ಬಂದ ಕಡೆಯಲ್ಲೆಲ್ಲ ಭಿನ್ನರಾಶಿಯೇ ಕೈಹಿಡಿಯಬೇಕು. ಗುಂಟೆ, ಆಣೆ, ಪೈಗಳು ಯಾರೋ ನಮಗಾಗಿ ಮೊದಲೇ ಕತ್ತರಿಸಿಟ್ಟ ತುಂಡುಗಳು. ಸಮಚ್ಛೇದವೆಂದರೆ ನಮಗೆ ಬೇಕಾದ ತುಂಡನ್ನು ನಾವೇ ಕತ್ತರಿಸಿಕೊಳ್ಳುವ ವಿದ್ಯೆ. ತಂದೆಯವರು ಬಲ್ಲದ್ದು ಮೊದಲನೆಯದು. ಅವರು ಹೊಲ ಗೆಯ್ದು ನನ್ನನ್ನು ಶಾಲೆಗೆ ಕಳುಹಿಸಿದ್ದು ಎರಡನೆಯದನ್ನು ಕಲಿಯಲೆಂದು. ಮೊದಲನೆಯದನ್ನು ಮರೆತು ಎರಡನೆಯದನ್ನು ಕಲಿಯಹೊರಟದ್ದೇ ನನ್ನ ತಪ್ಪಾಗಿತ್ತು.

ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು. ಉಳಿದವರೂ ಮನೆಯಲ್ಲಿ ತಮ್ಮ ತಂಗಿಯರಿಗೆ ಪಾಠ ಹೇಳುವವರೇ. ಮಗು ೧/೨ಕ್ಕೆ ೧/೩ ಕೂಡಿ ೨/೫ ಎಂದು ಬರೆದಾಗ ಕಿವಿ ಹಿಂಡುವ ಮೊದಲು, "ಅರ್ಧಕ್ಕೆ ಇನ್ನಷ್ಟು ಸೇರಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತೇ?" ಎಂದು ಒಂದು ಸಲ ಕೇಳಿ ನೋಡಬೇಕೆಂದು ನನ್ನ ವಿನಂತಿ. ಅಧ್ಯಾಪಕರು ಇದರಲ್ಲಿ ದೋಷ ಕಂಡರೆ ತಿದ್ದಬೇಕಾಗಿ ಬೇಡುತ್ತೇನೆ.

ಕೊನೆಯಲ್ಲಿ ಒಂದು ಲೆಕ್ಕವನ್ನು ಬಿಟ್ಟುಹೋಗುತ್ತೇನೆ. ಅಂಶ ಒಂದೇ ಆಗಿರುವ ರಾಶಿಗಳನ್ನು ಹೇಗೆ ಜೋಡಿಸಬೇಕೆಂದು ಮಹಾವೀರಾಚಾರ್ಯನು ಒಂದು ಕ್ರಮವನ್ನು ಹೇಳಿದ್ದಾನೆ. ಅದರಂತೆ ನಾಲ್ಕು ರಾಶಿಗಳನ್ನು ತೆಗೆದುಕೊಂಡರೆ ೧/೨, ೧/೩, ೧/೯, ೧/೧೮ ಎಂದಾಗುತ್ತದೆ. ಇವುಗಳಿಗೆ ನಿರುದ್ಧವನ್ನು ಕಂಡುಹಿಡಿದು ಕೂಡಿ ನೋಡಿ. ಉತ್ತರ ಬಂದಾಗ ಅದು ಸರಿಯೇ ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.